ಆಸ್ಟ್ರೇಲಿಯಾದ ಊಟ ಕಪ್ಪು ಮುಲಾಮಿನಲ್ಲಿ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಆಸ್ಟ್ರೇಲಿಯಾ ಪ್ರವಾಸ ಕಥನವನ್ನು, ಹುಬ್ಬಳ್ಳಿ ಮೂಲದವನಾಗಿ ಬ್ರಿಸ್ಬೇನ್‌ನಲ್ಲಿ ನೆಲೆಸಿರುವ ನಾನು ಆಸಕ್ತಿಯಿಂದ ಓದಿದೆ. ಸಿಡ್ನಿಯ ಬಂದರು, ಕ್ವೀನ್ಸ್‌ಲ್ಯಾಂಡಿನ ಹವಳದ ದಿಬ್ಬಗಳು, ಮೆಲ್ಬರ್ನ್‌ನ ಟ್ರಾಮು ಇವುಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಊಟದ ವಿಷಯ ಬಂದಾಗ ಅವರು, ಈ ದೇಶಕ್ಕೆ ತನ್ನದೆನ್ನುವ ಅಡುಗೆಯೇ ಇಲ್ಲ, ಬ್ರೆಡ್ಡಿಗೆ ಹಚ್ಚುವ ಒಂದು ಕಪ್ಪು ಮುಲಾಮು, ಕಾಂಗರೂ ಮಾಂಸ ಮತ್ತು ಕಾಡುಜನರು ತಿನ್ನುವ ಹುಳು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ ಎಂದು ಷರಾ ಬರೆದು ಮುಂದೆ ಸಾಗಿದ್ದಾರೆ. ಊಟ ಹಿಡಿಸಲಿಲ್ಲ ಎನ್ನುವ ಹಕ್ಕು ಪ್ರತಿಯೊಬ್ಬ ಪ್ರವಾಸಿಗೂ ಇದೆ. ಹೇಗೆ ತಿನ್ನಬೇಕೆಂದು ಊರಿನವರನ್ನು ಕೇಳದೆ ತಿಂದು, ಆಮೇಲೆ ಇಡೀ ದೇಶದ ಅಡುಗೆಯ ಮೇಲೆ ತೀರ್ಪು ಕೊಡುವುದು ಬೇರೆ ಮಾತು. ಆಸ್ಟ್ರೇಲಿಯಾದ ಆಹಾರದ ವಿಷಯದಲ್ಲಿ ಹೊರಗಿನಿಂದ ಬಂದವರು ಇನ್ನೂರು ವರ್ಷಗಳಿಂದ ಮಾಡುತ್ತ ಬಂದಿರುವುದು ಅದನ್ನೇ. ಈ ಮಾತಿಗೆ ಆಧಾರ ಕೊಡಬೇಕಾದ್ದರಿಂದ ಪತ್ರ ದೀರ್ಘವಾಗಿದೆ, ಮನ್ನಿಸಬೇಕು.

ಮೊದಲು ಆ ಕಪ್ಪು ಮುಲಾಮಿನ ವಿಚಾರ. ವೆಜಿಮೈಟ್ ಎಂಬ ಈ ಪದಾರ್ಥವನ್ನು 1922ರಲ್ಲಿ ಮೆಲ್ಬರ್ನ್‌ನ ಫ್ರೆಡ್ ವಾಕರ್ ಕಂಪನಿಗಾಗಿ ಸಿರಿಲ್ ಕ್ಯಾಲಿಸ್ಟರ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದರು. ಮರುವರ್ಷ ಅದು ಅಂಗಡಿಗೆ ಬಂತು. ಮೊದಲ ಮಹಾಯುದ್ಧದ ಕಾರಣ ಇದೇ ಬಗೆಯ ಇಂಗ್ಲೆಂಡಿನ ಮಾರ್ಮೈಟ್ ಸರಿಯಾಗಿ ಸಿಗದಂತಾಗಿತ್ತು, ಇತ್ತ ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್ ವ್ಯರ್ಥವಾಗುತ್ತಿತ್ತು. ಆ ಯೀಸ್ಟಿನ ಸತ್ವ ತೆಗೆದು, ಬತ್ತಿಸಿ, ಉಪ್ಪು ಮತ್ತು ತರಕಾರಿಯ ಸಾರ ಸೇರಿಸಿದರೆ ಸಿಗುವ ಕಪ್ಪನೆಯ ಅಂಟೇ ವೆಜಿಮೈಟ್. ಅದು ಮೊದಲಿಗೆ ಇಲ್ಲಿನವರಿಗೂ ರುಚಿಸಲಿಲ್ಲ ಎಂಬುದನ್ನು ಗಮನಿಸಬೇಕು. 1928ರಲ್ಲಿ ಕಂಪನಿಯವರು ಹೆಸರನ್ನೇ ಪಾರ್ವಿಲ್ ಎಂದು ಬದಲಾಯಿಸಿ ನೋಡಿದರು. ಅದೂ ಫಲಿಸದೆ 1935ರ ಹೊತ್ತಿಗೆ ಹಳೆಯ ಹೆಸರಿಗೇ ಮರಳಿದರು. ಬಿ ಗುಂಪಿನ ವಿಟಮಿನ್‌ಗಳು ಹೇರಳವಾಗಿವೆಯೆಂದು ವೈದ್ಯರು ಶಿಫಾರಸು ಮಾಡತೊಡಗಿದ ಮೇಲೆ, ಎರಡನೇ ಮಹಾಯುದ್ಧದಲ್ಲಿ ಸೈನಿಕರ ಪಡಿತರದಲ್ಲಿ ಸೇರಿದ ಮೇಲೆ, ಅದು ಮನೆಮನೆಯ ವಸ್ತುವಾಯಿತು. ಇಂದು ಪ್ರತಿ ಆಸ್ಟ್ರೇಲಿಯನ್ ಮಗುವೂ ಅದನ್ನು ತಿಂದೇ ಬೆಳೆಯುತ್ತದೆ ಎನ್ನುವ ಈ ರುಚಿ ರೂಢಿಯಿಂದ ಬಂದದ್ದೇ ಹೊರತು ಹುಟ್ಟಿನಿಂದ ಬಂದದ್ದಲ್ಲ.

ಹೊರಗಿನವರು ಎಡವುವುದು ಪ್ರಮಾಣದಲ್ಲಿ. ಬಣ್ಣ ನೋಡಿ ಚಾಕೊಲೇಟಿನ ಜಾತಿಯದಿರಬೇಕೆಂದು ಚಮಚ ತುಂಬ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ನೂರು ಗ್ರಾಂ ವೆಜಿಮೈಟಿನಲ್ಲಿ ಸುಮಾರು 8 ಗ್ರಾಂ ಉಪ್ಪಿರುತ್ತದೆ. ಅಂಥದ್ದನ್ನು ಚಮಚಗಟ್ಟಲೆ ತಿಂದು ಮುಖ ಕಿವಿಚುವುದು, ಮಾವಿನಕಾಯಿ ಉಪ್ಪಿನಕಾಯಿಯನ್ನು ಅನ್ನವಿಲ್ಲದೆ ಬಟ್ಟಲು ತುಂಬ ತಿಂದು ಕನ್ನಡಿಗರ ಊಟ ಬರೀ ಉಪ್ಪು ಎಂದು ದೂರಿದ ಹಾಗೆ. ಇಲ್ಲಿನ ಮನೆಗಳಲ್ಲಿ ಹೇಗೆ ತಿನ್ನುತ್ತಾರೆಂದರೆ, ಬ್ರೆಡ್ಡನ್ನು ಚೆನ್ನಾಗಿ ಟೋಸ್ಟ್ ಮಾಡಿ, ಬಿಸಿಯಿರುವಾಗಲೇ ಧಾರಾಳವಾಗಿ ಬೆಣ್ಣೆ ಸವರಿ, ಅದು ಅರ್ಧ ಕರಗಿದ ಮೇಲೆ ಚಾಕುವಿನ ತುದಿಯಲ್ಲಿ ಕಡಲೆಕಾಳಿನಷ್ಟು ವೆಜಿಮೈಟ್ ತೆಗೆದು ಎಳೆಯುತ್ತಾರೆ. ಮೇಲೆ ಒಂದು ಪದರವಾಗಿ ಕೂಡಬಾರದು. ಹಳದಿ ಬೆಣ್ಣೆಯ ನಡುವೆ ಕಂದು ಗೀರುಗಳು ಕಾಣಬೇಕು, ಅಲ್ಲಲ್ಲಿ ಬರೀ ಬ್ರೆಡ್ಡೂ ಕಾಣಬೇಕು. ಹಾಗೆ ತಿಂದಾಗ ಮೊದಲು ಬೆಣ್ಣೆ, ಆಮೇಲೆ ಉಪ್ಪು, ಕೊನೆಗೆ ಹುದುಗು ಬಂದ ಪದಾರ್ಥಗಳಲ್ಲಿ ಮಾತ್ರ ಇರುವ ಒಂದು ಗಾಢವಾದ, ತುಸು ಕಹಿ ಬೆರೆತ ರುಚಿ ನಾಲಿಗೆಯ ಹಿಂಭಾಗದಲ್ಲಿ ನಿಲ್ಲುತ್ತದೆ. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳು ಚಪಾತಿಗೆ ತುಪ್ಪ ಸವರಿ ಅದರ ಮೇಲೆ ಇದನ್ನು ಗೀರಿ ಸುರುಳಿ ಸುತ್ತಿಕೊಂಡು ಹೋಗುತ್ತಾರೆ. ಅಜ್ಜಿಯರಿಗೆ ಅದರ ವಾಸನೆ ಆಗದು. ಮೊಮ್ಮಕ್ಕಳಿಗೆ ಅಜ್ಜಿಯ ಗುರೆಳ್ಳು ಚಟ್ನಿಯೂ ಬೇಕು, ಇದೂ ಬೇಕು.

ಇನ್ನು, ತೆಂಗಿನ ತುರಿ ಮೆತ್ತಿದ ಚೌಕಾಕಾರದ ಚಾಕೊಲೇಟ್ ಕೇಕೊಂದನ್ನು ತಿಂದುದಾಗಿ ಲೇಖಕರು ಬರೆದು ಅದರ ಹೆಸರನ್ನು ಮಾತ್ರ ಬಿಟ್ಟಿದ್ದಾರೆ. ಅದರ ಹೆಸರು ಲ್ಯಾಮಿಂಗ್ಟನ್. ಹುಬ್ಬಳ್ಳಿಯ ಓದುಗರಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ನಮ್ಮೂರಲ್ಲಿ ಲ್ಯಾಮಿಂಗ್ಟನ್ ಶಾಲೆಯಿದೆ, ಲ್ಯಾಮಿಂಗ್ಟನ್ ರಸ್ತೆಯಿದೆ. ಶಾಲೆಗೂ ಕೇಕಿಗೂ ಹೆಸರು ಬಂದದ್ದು ಒಬ್ಬನೇ ವ್ಯಕ್ತಿಯಿಂದ. ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ ಕ್ವೀನ್ಸ್‌ಲ್ಯಾಂಡಿನ ಗವರ್ನರ್ ಆಗಿದ್ದ. ಅಲ್ಲಿಂದ 1903ರಲ್ಲಿ ಮುಂಬೈ ಪ್ರಾಂತ್ಯದ ಗವರ್ನರ್ ಆಗಿ ಬಂದು 1907ರವರೆಗೆ ಇದ್ದ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್ ಪಂಜಾಬಿನ ಮಾಜಿ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓ'ಡ್ವಯರ್‌ನನ್ನು ಗುಂಡಿಕ್ಕಿ ಕೊಂದಾಗ ಅದೇ ಸಭೆಯಲ್ಲಿ ಗಾಯಗೊಂಡವರಲ್ಲಿ ಈ ಲ್ಯಾಮಿಂಗ್ಟನ್ ಕೂಡ ಒಬ್ಬ. ಕೇಕನ್ನು ಯಾರು, ಯಾವ ಊರಿನಲ್ಲಿ ಮೊದಲು ಮಾಡಿದರೆಂಬ ಬಗ್ಗೆ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂದಿಗೂ ಜಗಳವಿದೆ. ಗವರ್ನರನ ಅಡುಗೆಯವನು ಒಣಗಿದ ಕೇಕನ್ನು ಅತಿಥಿಗಳಿಗೆ ಬಡಿಸಲು ಈ ಉಪಾಯ ಹೂಡಿದ ಎಂಬ ಕಥೆ ಹೆಚ್ಚು ಪ್ರಚಾರದಲ್ಲಿದೆ. ರುಚಿಯ ಮಟ್ಟಿಗೆ ಹೇಳುವುದಾದರೆ, ಹೊರಗಿನವರು ಮೊದಲ ತುತ್ತಿನಲ್ಲೇ ಒಪ್ಪುವ ಆಸ್ಟ್ರೇಲಿಯನ್ ತಿನಿಸು ಇದು. ಕೊಬ್ಬರಿ ಮಿಠಾಯಿ ತಿಂದು ಬೆಳೆದ ನಾಲಿಗೆಗಂತೂ ಯಾವ ಮುಜುಗರವೂ ಆಗುವುದಿಲ್ಲ.

ಆನ್‌ಝಾಕ್ ಬಿಸ್ಕತ್ತು ಕೂಡ ಅಂಥದ್ದೇ. ಓಟ್ಸ್, ಹಿಟ್ಟು, ಕೊಬ್ಬರಿ ತುರಿ, ಬೆಣ್ಣೆ ಮತ್ತು ಗೋಲ್ಡನ್ ಸಿರಪ್ ಎಂಬ ಕಬ್ಬಿನ ಪಾಕ ಅದರಲ್ಲಿ ಸೇರುತ್ತವೆ, ಮೊಟ್ಟೆ ಸೇರುವುದಿಲ್ಲ. ಆದ್ದರಿಂದ ಮೊಟ್ಟೆ ತಿನ್ನದವರೂ ನಿಶ್ಚಿಂತೆಯಿಂದ ತಿನ್ನಬಹುದು. ಗೋಲ್ಡನ್ ಸಿರಪ್ ಮಲೆನಾಡಿನ ಜೋನಿಬೆಲ್ಲಕ್ಕೆ ಹತ್ತಿರದ್ದು. 1915ರಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಕಾದಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರ ನೆನಪಿನ ಹೆಸರಾದ್ದರಿಂದ ಅದಕ್ಕೆ ಕಾನೂನಿನ ರಕ್ಷಣೆಯಿದೆ. ಸಾಂಪ್ರದಾಯಿಕ ಪಾಕಕ್ರಮಕ್ಕೆ ಹೊಂದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ, ಅದನ್ನು ಕುಕಿ ಎಂದು ಕರೆಯುವಂತೆಯೂ ಇಲ್ಲ. ಸೈನಿಕರಿಗೆ ರಣರಂಗದಲ್ಲಿ ಸಿಗುತ್ತಿದ್ದುದು ಮಾತ್ರ ಈ ಸಿಹಿ ಬಿಸ್ಕತ್ತಲ್ಲ, ಹಲ್ಲು ಮುರಿಯುವಷ್ಟು ಗಟ್ಟಿಯಾದ ಸೈನ್ಯದ ಬಿಸ್ಕತ್ತು.

ಹಿಟ್ಟಿನ ಕವಚದಲ್ಲಿ ಮಾಂಸ ತುಂಬಿ ಬೇಯಿಸುವ ಮೀಟ್ ಪೈ ಮತ್ತು ಸಾಸೇಜುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಫುಟ್ಬಾಲ್ ಆಟ ನೋಡುತ್ತ ತಿನ್ನುವ ಪೈ ಬಿಸಿಯಿದ್ದರೆ ಬಾಯಿ ಸುಡುತ್ತದೆ, ಆರಿದರೆ ಸಪ್ಪೆ. ಚುನಾವಣೆಯ ದಿನ ಮತಗಟ್ಟೆಯಾದ ಶಾಲೆಯ ಅಂಗಳದಲ್ಲಿ ಪೋಷಕರು ಒಲೆಯಿಟ್ಟು ಸಾಸೇಜ್ ಸುಟ್ಟು ಬ್ರೆಡ್ಡಿನ ಹೋಳಿನಲ್ಲಿ ಸುತ್ತಿ ಮಾರುವ ಪದ್ಧತಿಯನ್ನಾದರೂ ಲೇಖಕರು ನೋಡಬೇಕಿತ್ತು. 1924ರಿಂದ ಇಲ್ಲಿ ಸಂಸತ್ತಿನ ಚುನಾವಣೆಗೆ ಮತದಾನ ಕಡ್ಡಾಯ. ಸಾಲಿನಲ್ಲಿ ನಿಂತವರ ಹಸಿವಿನಿಂದ ಶಾಲೆಯ ನಿಧಿಗೆ ನಾಲ್ಕು ಕಾಸು ಸೇರುತ್ತದೆ. ಮಾಂಸ ತಿನ್ನದವರು ಸುಟ್ಟ ಈರುಳ್ಳಿಯನ್ನಷ್ಟೇ ಹಾಕಿಸಿಕೊಳ್ಳಬಹುದು. ಮತದಾರನಿಗೆ ಊಟ ಹಾಕುವುದು ಅಪರಾಧವಾಗಿರುವ ನಾಡಿನಿಂದ ಬಂದವರಿಗೆ ಇದು ಮೊದಮೊದಲು ವಿಚಿತ್ರವೆನಿಸುತ್ತದೆ. ಇಲ್ಲಿ ಮತದಾರನೇ ದುಡ್ಡು ಕೊಡುವುದರಿಂದ ಯಾರೂ ಆಕ್ಷೇಪಿಸುವುದಿಲ್ಲ.

ಆದರೆ ಸ್ವಾಮಿ, ಇವೆಲ್ಲವೂ ವಲಸೆ ಬಂದವರ ಅಡುಗೆ; ಹೆಚ್ಚೆಂದರೆ ನೂರು ನೂರೈವತ್ತು ವರ್ಷಗಳ ಬಾಳಿಕೆ ಇವುಗಳದು. ಪಾರಂಪರಿಕ ಆಸ್ಟ್ರೇಲಿಯನ್ ಆಹಾರ ಎಂದು ಶೀರ್ಷಿಕೆ ಕೊಟ್ಟ ಮೇಲೆ ಇಲ್ಲಿನ ಮೂಲನಿವಾಸಿಗಳ ಆಹಾರವನ್ನು ಒಂದು ಹುಳುವಿಗೆ ಇಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ನ್ಯೂ ಸೌತ್ ವೇಲ್ಸ್‌ನ ಕಡಿ ಸ್ಪ್ರಿಂಗ್ಸ್ ಎಂಬಲ್ಲಿ ಸುಮಾರು 30,000 ವರ್ಷಗಳಷ್ಟು ಹಳೆಯ, ಕಾಳು ಅರೆಯುವ ಕಲ್ಲುಗಳು ದೊರೆತಿವೆ. ಒಳನಾಡಿನ ಜನ ಕುಟ್ಟಿ, ಅರೆದು, ಬೂದಿಯಲ್ಲಿ ಸುಟ್ಟು ತಿನ್ನುತ್ತಿದ್ದ ಧಾನ್ಯಗಳಲ್ಲಿ ಒಂದು ಕಾಡು ಸಿರಿಧಾನ್ಯ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಬರಗು ಮತ್ತು ಸಾಮೆಗಳ ಕುಲಕ್ಕೇ ಸೇರಿದ್ದು. ಬಿಳಿಯರು ದನ ಕುರಿಗಳನ್ನು ತಂದು ಆ ಹುಲ್ಲುಗಾವಲುಗಳಲ್ಲಿ ಬಿಟ್ಟರು, ಬದಲಿಗೆ ಮೈದಾಹಿಟ್ಟು, ಸಕ್ಕರೆ, ಚಹಾಪುಡಿಗಳ ಪಡಿತರ ಹಂಚಿದರು. ಸಿರಿಧಾನ್ಯಗಳಿಗಾಗಿ ಮೇಳ ನಡೆಸುವ ನಮ್ಮ ರಾಜ್ಯದ ಓದುಗರಿಗೆ ಈ ಕಥೆಯ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇಳದೆ ತಿನ್ನುವುದು ಬರೀ ರುಚಿಗೇಡು ಮಾತ್ರವಲ್ಲ, ಪ್ರಾಣಕ್ಕೂ ಮುಳುವಾದೀತು ಎನ್ನುವುದಕ್ಕೆ ಇಲ್ಲಿನ ಶಾಲಾ ಮಕ್ಕಳಿಗೆಲ್ಲ ಗೊತ್ತಿರುವ ಒಂದು ಪ್ರಕರಣವಿದೆ. 1860ರ ಆಗಸ್ಟ್‌ನಲ್ಲಿ ರಾಬರ್ಟ್ ಬರ್ಕ್ ಮತ್ತು ವಿಲಿಯಂ ವಿಲ್ಸ್ ಎಂಬವರು ಭೂಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲೆಂದು ಮೆಲ್ಬರ್ನ್‌ನಿಂದ ದೊಡ್ಡ ತಂಡ ಕಟ್ಟಿಕೊಂಡು ಹೊರಟರು. ಅವರ ಒಂಟೆಗಳನ್ನು ಭಾರತದಿಂದ ತರಿಸಲಾಗಿತ್ತು. ಉತ್ತರದ ಕೊಲ್ಲಿಯ ತನಕ ಹೋಗಿ 1861ರ ಏಪ್ರಿಲ್ 21ರಂದು ಕೂಪರ್ ಕ್ರೀಕಿನ ಶಿಬಿರಕ್ಕೆ ಮರಳಿದಾಗ, ಅಲ್ಲಿ ಅವರಿಗಾಗಿ ಕಾದಿದ್ದವರು ಅದೇ ದಿನ ಬೆಳಿಗ್ಗೆ ಜಾಗ ಖಾಲಿ ಮಾಡಿದ್ದರು. ದವಸ ಮುಗಿದ ಮೇಲೆ ಅವರಿಗೆ ದಿಕ್ಕಾದವರು ಆ ಹೊಳೆಯ ದಂಡೆಯ ಯಾಂಡ್ರುವಾಂಡಾ ಜನ. ಮೀನು ಕೊಟ್ಟರು, ನಾರ್ಡೂ ಎಂಬ ಜರೀಗಿಡದ ಕಾಯಿಯಂಥ ಬೀಜಕೋಶಗಳಿಂದ ಮಾಡಿದ ಹಿಟ್ಟನ್ನೂ ಕೊಟ್ಟರು. ಈ ಗಿಡದ ನಾಲ್ಕೆಲೆಯ ದಾಯಾದಿಗಳು ನಮ್ಮ ಭತ್ತದ ಗದ್ದೆಗಳಲ್ಲಿ ಕಳೆಯಾಗಿ ಬೆಳೆಯುತ್ತವೆ. ಬರ್ಕ್ ಆ ಜನರನ್ನು ನಂಬಲಿಲ್ಲ. ಒಮ್ಮೆ ಅವರತ್ತ ಪಿಸ್ತೂಲು ಹಾರಿಸಿ ಓಡಿಸಿದ. ಆಮೇಲೆ ಬರ್ಕ್, ವಿಲ್ಸ್ ಮತ್ತು ತಂಡದ ಜಾನ್ ಕಿಂಗ್ ಮೂವರೇ ಕುಳಿತು ನಾರ್ಡೂ ಆಯ್ದು, ಕುಟ್ಟಿ, ತಮಗೆ ತೋಚಿದಂತೆ ಬೇಯಿಸಿ ತಿಂದರು. ಹೊಟ್ಟೆ ತುಂಬುತ್ತಿದೆ, ರುಚಿಯೂ ಪರವಾಗಿಲ್ಲ, ಆದರೆ ದಿನದಿನಕ್ಕೆ ಕೈಕಾಲು ಸೋಲುತ್ತಿವೆ ಎಂಬರ್ಥದ ಮಾತುಗಳು ವಿಲ್ಸ್‌ನ ದಿನಚರಿಯಲ್ಲಿವೆ. ಜೂನ್ ಕೊನೆಯ ಹೊತ್ತಿಗೆ ಬರ್ಕ್ ಮತ್ತು ವಿಲ್ಸ್ ತೀರಿಕೊಂಡರು. ಮೂರನೆಯವನಾದ ಕಿಂಗ್ ಯಾಂಡ್ರುವಾಂಡಾ ಜನರ ಜೊತೆ ಸೇರಿ, ಅವರು ಕೊಟ್ಟದ್ದನ್ನು ಅವರಂತೆಯೇ ತಿಂದು, ಸೆಪ್ಟೆಂಬರ್‌ನಲ್ಲಿ ಹುಡುಕಿಕೊಂಡು ಬಂದ ತಂಡಕ್ಕೆ ಜೀವಂತ ಸಿಕ್ಕ.

ನಾರ್ಡೂವಿನಲ್ಲಿ ಬಿ1 ವಿಟಮಿನನ್ನು ಒಡೆದುಹಾಕುವ ಕಿಣ್ವವೊಂದು ವಿಪುಲವಾಗಿದೆ. ಊರಿನವರು ಹುರಿದು, ನೀರು ಸೇರಿಸಿ ಅರೆದು, ತೆಳ್ಳನೆಯ ಅಂಬಲಿ ಮಾಡಿಕೊಳ್ಳುವ ಕ್ರಮದಲ್ಲಿ ಅದರ ಹಾನಿ ತಗ್ಗುತ್ತಿತ್ತು. ಪರಿಶೋಧಕರು ಆ ಕ್ರಮದ ಹಂತಗಳನ್ನು ಕೈಬಿಟ್ಟದ್ದರಿಂದ ಬಿ1 ಕೊರತೆಯ ರೋಗವಾದ ಬೆರಿಬೆರಿಗೆ ತುತ್ತಾದರೆಂಬುದು ವಿಜ್ಞಾನಿಗಳು ಮುಂದಿಟ್ಟಿರುವ ಪ್ರಬಲ ವಿವರಣೆ. ಲೇಖಕರು ಮುಲಾಮು ಎಂದು ಜರೆದ ವೆಜಿಮೈಟಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪೋಷಕಾಂಶಗಳಲ್ಲಿ ಒಂದು ಇದೇ ಬಿ1. ಒಂದು ಟೋಸ್ಟಿಗೆ ಹಚ್ಚುವ 5 ಗ್ರಾಂನಲ್ಲಿ ದೊಡ್ಡವರ ದಿನದ ಅಗತ್ಯದ ಅರ್ಧದಷ್ಟು ಇರುತ್ತದೆ.

ಈಗ ಕನ್ನಡಿಗರ ನಾಲಿಗೆಯ ಮಾತಿಗೆ ಬರುತ್ತೇನೆ. ಇಲ್ಲಿನ ಕಾಡುಹಣ್ಣುಗಳನ್ನು ತಿಂದ ಯುರೋಪಿಯನ್ನರು ಹುಳಿ, ಒಗರು ಎಂದು ಉಗುಳಿದ್ದುಂಟು. ನೆಲ್ಲಿಕಾಯಿ, ನೇರಳೆ, ಮುರುಗಲು ತಿಂದು ಬೆಳೆದ ನಮಗೆ ಆ ಅಂಜಿಕೆಯಿಲ್ಲ. ಅಷ್ಟೇ ಅಲ್ಲ, ಇವುಗಳಲ್ಲಿ ಹಲವು ನಮ್ಮ ಮರಗಳ ನೆಂಟರು. ವಿಟಮಿನ್ ಸಿ ಅಂಶದಲ್ಲಿ ಕಿತ್ತಳೆಯನ್ನು ಹತ್ತಾರು ಪಟ್ಟು ಮೀರಿಸುವ ಉತ್ತರ ಭಾಗದ ಕಾಕಡು ಪ್ಲಮ್ ನಮ್ಮ ಅಳಲೆ, ತಾರೆಗಳ ಕುಲದ್ದು. ಬ್ರಿಸ್ಬೇನ್‌ನ ಮನೆಗಳ ಮುಂದೆ ಬೇಲಿಯಾಗಿ ಬೆಳೆಸುವ ಲಿಲಿ ಪಿಲಿ ನೇರಳೆಯ ಕುಲದ್ದು; ಅದರ ಒಂದು ಬಗೆಯ ಹಣ್ಣಿನಲ್ಲಿ ಲವಂಗದ ಘಮವಿದೆ, ಲವಂಗವೂ ಅದೇ ಕುಲದ ಮರವಾದ್ದರಿಂದ ಆಶ್ಚರ್ಯಪಡಬೇಕಾಗಿಲ್ಲ. ಒಣನಾಡಿನ ಕ್ವಾಂಡಾಂಗ್ ಎಂಬ ಕೆಂಪು ಹಣ್ಣು ಶ್ರೀಗಂಧದ ಸೋದರ. ಗಂಧದಂತೆಯೇ ಅದೂ ಪಕ್ಕದ ಗಿಡಗಳ ಬೇರಿನಿಂದ ಸಾರ ಹೀರಿ ಬದುಕುವ ಮರ. ನಮ್ಮ ಗಂಧದ ಮರದ ಪುಟ್ಟ ಕಪ್ಪು ಹಣ್ಣನ್ನು ಹಕ್ಕಿಗಳೂ ಹಳ್ಳಿಯ ಹುಡುಗರೂ ತಿನ್ನುತ್ತಾರೆ. ಇಲ್ಲಿ ಕ್ವಾಂಡಾಂಗಿನ ಸಿಪ್ಪೆಯಂಥ ತೆಳು ತಿರುಳನ್ನು ಒಣಗಿಸಿಟ್ಟು, ಬೇಕಾದಾಗ ನೆನೆಸಿ, ಜಾಮ್ ಮತ್ತು ಪೈ ಮಾಡುತ್ತಾರೆ. ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಲೆಮನ್ ಮರ್ಟಲ್ ಎಲೆಯಲ್ಲಿರುವ ಸಿಟ್ರಾಲ್, ನಮ್ಮ ಮಜ್ಜಿಗೆಹುಲ್ಲಿಗೆ ಪರಿಮಳ ಕೊಡುವ ಅದೇ ತೈಲಾಂಶ. ಒಂದೇ ಎಲೆಯನ್ನು ಕಿವುಚಿ ಮಜ್ಜಿಗೆಗೆ ಹಾಕಿದರೆ ಸಾಕು, ಎರಡು ಹಾಕಿದರೆ ಸಾಬೂನಿನ ವಾಸನೆ ಬರುತ್ತದೆ. ಹುರಿದ ಅಕೇಶಿಯಾ ಬೀಜದ ಪುಡಿಗೆ ಕಾಫಿ ಮತ್ತು ಚಾಕೊಲೇಟಿನ ನಡುವಿನ ಪರಿಮಳವಿದೆ. ಆದರೆ ಶಿವಮೊಗ್ಗ, ಉತ್ತರ ಕನ್ನಡಗಳ ನೆಡುತೋಪುಗಳಲ್ಲಿರುವ ಅಕೇಶಿಯಾದ ಬೀಜವನ್ನು ಯಾರೂ ಹುರಿಯಲು ಹೊರಡಬಾರದು. ಆ ಮರದ ತವರೂ ಈ ಕಡೆಯದೇ ಆದರೂ ನೂರಾರು ಜಾತಿಯ ಅಕೇಶಿಯಾಗಳಲ್ಲಿ ತಿನ್ನಬಹುದಾದವು ಕೆಲವು ಮಾತ್ರ, ಯಾವುವೆಂದು ಬಲ್ಲವರೇ ಹೇಳಬೇಕು.

ಹುಳು ತಿನ್ನುತ್ತಾರೆಂದು ಮೂಗು ಮುರಿಯುವವರಿಗೆ ಒಂದು ಮಾತು. ಉತ್ತರ ಕ್ವೀನ್ಸ್‌ಲ್ಯಾಂಡಿನ ಮರಗಳಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಹಸಿರು ಇರುವೆಗಳ ಹಿಂಭಾಗವನ್ನು ನಾಲಿಗೆಗೆ ತಾಗಿಸಿದರೆ ನಿಂಬೆಯ ಹುಳಿ ಚುರುಕ್ಕೆನ್ನುತ್ತದೆ. ಅಲ್ಲಿನ ಮೂಲನಿವಾಸಿಗಳು ಗೂಡನ್ನು ನೀರಿನಲ್ಲಿ ಕಿವುಚಿ ನೆಗಡಿ ಕೆಮ್ಮಿಗೆ ಕುಡಿಯುತ್ತಾರೆ. ಮಲೆನಾಡಿನವರೂ ಜೋಯಿಡಾದವರೂ ಚಟ್ನಿ ಅರೆಯುವ ಚಗಳಿ ಇರುವೆ ಬಣ್ಣದಲ್ಲಿ ಕೆಂಪಾದರೂ ಪ್ರಾಣಿಶಾಸ್ತ್ರದಲ್ಲಿ ಇದೇ ಜಾತಿ. ಆ ಚಟ್ನಿಯನ್ನು ನಮ್ಮವರು ತಿನ್ನುವುದೂ ನೆಗಡಿಗೆ ಒಳ್ಳೆಯದೆಂಬ ನಂಬಿಕೆಯಿಂದಲೇ. ಹಾಗಿರುವಾಗ ಇಲ್ಲಿನವರನ್ನು ಕಾಡುಜನರೆಂದು ಕರೆಯುವ ಲೇಖಕರು ಕಳಸ, ಕೊಪ್ಪದ ಕಡೆಯ ಮನೆಗಳಲ್ಲಿ ಚಗಳಿ ಚಟ್ನಿ ಬಡಿಸಿದರೆ ಏನೆಂದು ಬರೆಯುತ್ತಾರೋ ನೋಡಬೇಕು. ಅವರು ಹೇಳಿದ ವಿಚೆಟಿ ಹುಳು ಮರುಭೂಮಿಯ ಅಕೇಶಿಯಾ ಪೊದೆಯ ಬೇರಿನೊಳಗೆ ಬೆಳೆಯುವ ಪತಂಗದ ಮರಿ. ಹೆಂಗಸರು ನೆಲ ಬಿರಿದ ಗುರುತು ಹಿಡಿದು ಅಗೆದು ತೆಗೆಯುತ್ತಾರೆ. ಜಿಡ್ಡೆಂಬುದೇ ಅಪರೂಪವಾದ ನೆಲದಲ್ಲಿ ಅದೊಂದು ಜಿಡ್ಡಿನ ಗಂಟು. ನಾನು ತಿಂದಿಲ್ಲ. ಹಸಿಯಾಗಿದ್ದಾಗ ಬಾದಾಮಿಯ ರುಚಿ, ಬಿಸಿ ಬೂದಿಯಲ್ಲಿ ಹೊರಳಿಸಿದರೆ ಹೊರಗೆ ಗರಿಗರಿ ಸಿಪ್ಪೆ, ಒಳಗೆ ಮೊಟ್ಟೆಯ ಹಳದಿಯಂಥ ಮೃದು ಎನ್ನುವುದು ತಿಂದವರ ಮಾತು.

ಕಾಂಗರೂ ಮಾಂಸ ರಬ್ಬರಿನಂತಿತ್ತು ಎಂಬ ಲೇಖಕರ ದೂರಿಗೂ ಉತ್ತರ ಅಡುಗೆಯಲ್ಲೇ ಇದೆ. ಕಾಂಗರೂಗಳನ್ನು ದೊಡ್ಡಿಯಲ್ಲಿ ಸಾಕುವುದಿಲ್ಲ. ಸರ್ಕಾರ ಗೊತ್ತುಪಡಿಸಿದ ಮಿತಿಯೊಳಗೆ ಬಯಲಿನಲ್ಲಿ ಬೇಟೆಯಾಡಿ ತರುತ್ತಾರೆ. ಅದರಲ್ಲಿ ಕೊಬ್ಬು ಶೇಕಡ 2ರ ಆಸುಪಾಸು ಮಾತ್ರ. ಭಾರತದಿಂದ ಬಂದವರು ಸಾಮಾನ್ಯವಾಗಿ ಚೆನ್ನಾಗಿ ಬೇಯಿಸಿ ಕೊಡಿ ಎನ್ನುತ್ತಾರೆ, ಕೊಬ್ಬಿಲ್ಲದ ತುಂಡನ್ನು ಹಾಗೆ ಬೇಯಿಸಿದರೆ ಅದು ರಬ್ಬರಾಗದೆ ಇನ್ನೇನಾಗುತ್ತದೆ? ಒಳಗೆ ಕೆಂಪಿರುವಂತೆಯೇ ತಿನ್ನಲು ಮನಸ್ಸೊಪ್ಪದವರು ಬಾಲವನ್ನು ಕೇಳಿ ಪಡೆಯಬೇಕು. ಮೂಲನಿವಾಸಿಗಳು ಬಾಲವನ್ನು ಬೆಂಕಿಯಲ್ಲಿ ಸುಟ್ಟು ಕೂದಲು ಕೆರೆದು, ಗುಂಡಿಯ ಕೆಂಡ ಬೂದಿಯಲ್ಲಿ ಹೂತು ಗಂಟೆಗಟ್ಟಲೆ ಬಿಡುತ್ತಾರೆ. ಅಂಟಿನಂಶ ಕರಗಿ ಮಾಂಸ ಮೂಳೆಯಿಂದ ತಾನೇ ಬಿಡುತ್ತದೆ. ಕಾಲು ಸೂಪು ಕುಡಿದು ಗೊತ್ತಿರುವ ನಮ್ಮವರಿಗೆ ಒಗ್ಗುವುದು ಆ ತುಂಡು.

ಇಲ್ಲಿನ ಆಹಾರಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಬನ್ಯಾ ಕಾಯಿ. ಬ್ರಿಸ್ಬೇನ್‌ನ ವಾಯವ್ಯಕ್ಕಿರುವ ಬನ್ಯಾ ಬೆಟ್ಟಗಳಲ್ಲಿ ಬೆಳೆಯುವ ಈ ಎತ್ತರದ ಮರದ ಒಂದೊಂದು ಕಾಯಿಗೊಂಚಲು ಹತ್ತು ಕಿಲೋವರೆಗೂ ತೂಗುತ್ತದೆ. ಬೀಳುವ ಕಾಲದಲ್ಲಿ ಉದ್ಯಾನಗಳಲ್ಲಿ ಮರದ ಕೆಳಗೆ ಯಾರೂ ಕೂರಬಾರದೆಂದು ಫಲಕ ಹಾಕುತ್ತಾರೆ. ಮರ ಸುಮಾರು ಮೂರು ವರ್ಷಕ್ಕೊಮ್ಮೆ ಹುಲುಸಾಗಿ ಬಿಡುತ್ತದೆ; ಆ ವರ್ಷ ನೂರಾರು ಮೈಲಿ ದೂರದ ಬುಡಕಟ್ಟುಗಳೂ ಹಗೆತನ ಬದಿಗಿಟ್ಟು ಇಲ್ಲಿ ನೆರೆದು, ತಿಂಗಳುಗಟ್ಟಲೆ ಉಂಡು, ವ್ಯಾಜ್ಯ ತೀರಿಸಿ, ಮದುವೆ ಕುದುರಿಸಿ ಹೋಗುತ್ತಿದ್ದವು. 1842ರಲ್ಲಿ ಗವರ್ನರ್ ಜಾರ್ಜ್ ಗಿಪ್ಸ್ ಬನ್ಯಾ ಮರಗಳಿರುವ ನೆಲದಲ್ಲಿ ಬಿಳಿಯರು ನೆಲೆಸಕೂಡದು, ಮರ ಕಡಿಯಕೂಡದು ಎಂದು ಆದೇಶ ಹೊರಡಿಸಿದ್ದ. ಕ್ವೀನ್ಸ್‌ಲ್ಯಾಂಡ್ ಪ್ರತ್ಯೇಕ ವಸಾಹತಾದ ಕೂಡಲೇ, 1860ರಲ್ಲಿ, ಆ ರಕ್ಷಣೆ ರದ್ದಾಯಿತು; ಮರ ಕೊಯ್ಯುವ ಗರಗಸಗಳು ಬಂದ ಮೇಲೆ ಜಾತ್ರೆಯೂ ನಿಂತಿತು. ಗೊಂಚಲು ಬಿಡಿಸಿದರೆ ಒಳಗೆ ಐವತ್ತು ನೂರು ಬೀಜ, ಪ್ರತಿಯೊಂದಕ್ಕೂ ಮರದಂಥ ಗಟ್ಟಿ ಕವಚ. ನಮ್ಮ ಮನೆಯಲ್ಲಿ ಉಪ್ಪು ಹಾಕಿ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸುತ್ತೇವೆ. ಅಡುಗೆಮನೆ ತುಂಬ ಕಾಡಿನ ರಾಳದ ಸಣ್ಣ ವಾಸನೆ ಹರಡುತ್ತದೆ. ಬಿಸಿಯಿರುವಾಗಲೇ ಚೂರಿಯಿಂದ ಉದ್ದಕ್ಕೆ ಸೀಳಿ, ನಡುವಿನ ಕಹಿ ಮೊಳಕೆಯನ್ನು ತೆಗೆದುಹಾಕಬೇಕು, ಆರಿದರೆ ಕವಚ ಬಿಡುವುದೇ ಇಲ್ಲ. ಇಂಗ್ಲಿಷರು ಇದನ್ನು ಚೆಸ್ಟ್‌ನಟ್‌ಗೆ ಹೋಲಿಸುತ್ತಾರೆ. ದಕ್ಷಿಣ ಕನ್ನಡದ ಗೆಳೆಯರೊಬ್ಬರು ಬಾಯಿಗೆ ಹಾಕಿಕೊಂಡವರೇ ಹಲಸಿನ ಬೀಜ ಎಂದರು, ಮತ್ತು ಮುಂದಿನ ವಾರ ಸೌತೆಕಾಯಿ ಜೊತೆ ಸೇರಿಸಿ ಹುಳಿ ಮಾಡಿಕೊಂಡು ಬಂದರು.

ಹೊರಗಿನವರ ತಾತ್ಸಾರಕ್ಕೆ ಇನ್ನೊಂದು ಮುಖವಿದೆ, ಅದು ದುರಾಸೆ. ಮಕಡೇಮಿಯಾ ಬೀಜ ಕ್ವೀನ್ಸ್‌ಲ್ಯಾಂಡಿನದು. ಮೂಲನಿವಾಸಿಗಳು ಕಲ್ಲಿನಲ್ಲಿ ಒಡೆದು ತಿನ್ನುತ್ತಿದ್ದರು. 1857ರಲ್ಲಿ ಸಸ್ಯಶಾಸ್ತ್ರಜ್ಞ ಫರ್ಡಿನಂಡ್ ಫಾನ್ ಮ್ಯುಲರ್ ತನ್ನ ಪರಿಚಯದ ಜಾನ್ ಮಕಾಡಮ್ ಎಂಬವನ ಹೆಸರನ್ನು ಅದಕ್ಕೆ ಇಟ್ಟ. ದೊಡ್ಡ ಪ್ರಮಾಣದಲ್ಲಿ ಬೆಳೆದು ದುಡ್ಡು ಮಾಡಿದ್ದು ಮೊದಲು ಹವಾಯಿ ದ್ವೀಪದವರು. ಕಾಕಡು ಪ್ಲಮ್‌ನ ಗುಣ ಪ್ರಚಾರವಾದ ಮೇಲೆ ಅಮೆರಿಕದ ಸೌಂದರ್ಯವರ್ಧಕ ಕಂಪನಿಯೊಂದು ಅದರ ಬಳಕೆಗೆ ಪೇಟೆಂಟ್ ಅರ್ಜಿ ಹಾಕಿತ್ತು. ಅರಿಸಿನಕ್ಕೆ ಅಮೆರಿಕದಲ್ಲಿ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ಹೋರಾಡಿ ರದ್ದು ಮಾಡಿಸಿದ ದೇಶದವರು ನಾವು. ಇಂದು ಸಿಡ್ನಿ, ಮೆಲ್ಬರ್ನ್‌ಗಳ ದುಬಾರಿ ಹೋಟೆಲುಗಳು ಇವೇ ಎಲೆ, ಬೀಜ, ಇರುವೆಗಳನ್ನು ತಟ್ಟೆಯ ಅಂಚಿಗೆ ಚಿಮುಕಿಸಿ ಬೆಲೆ ಏರಿಸುತ್ತಿವೆ. ಆ ವ್ಯಾಪಾರದ ಲಾಭದಲ್ಲಿ ಅತ್ಯಲ್ಪ ಪಾಲು ಮಾತ್ರ ತಮ್ಮ ಕೈಸೇರುತ್ತಿದೆ ಎನ್ನುವುದು ಮೂಲನಿವಾಸಿಗಳ ದೂರು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಮುಂದೆ ಇಂಥ ಲೇಖನಗಳನ್ನು ಪ್ರಕಟಿಸುವಾಗ ಕಾಡುಜನರು ಎಂಬ ಮಾತನ್ನು ದಯವಿಟ್ಟು ತಿದ್ದಬೇಕು. ಮೂಲನಿವಾಸಿಗಳು ಎಂಬ ಸರಿಯಾದ ಪದ ನಮ್ಮ ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ. ಎರಡನೆಯದಾಗಿ, ಮಕ್ಕಳ ಮನೆಗೆಂದು ಪ್ರತಿವರ್ಷ ಕರ್ನಾಟಕದಿಂದ ಇಲ್ಲಿಗೆ ಬರುವ ತಂದೆತಾಯಿಗಳ ಸಂಖ್ಯೆ ದೊಡ್ಡದಿರುವುದರಿಂದ, ಅವರಿಗಾಗಿ ತಿನ್ನುವ ಕ್ರಮವನ್ನೂ ತಿಳಿಸುವ ಬರಹವೊಂದನ್ನು ಬಲ್ಲವರಿಂದ ಬರೆಸಿ ಪುರವಣಿಯಲ್ಲಿ ಹಾಕಬೇಕು. ಕ್ವೀನ್ಸ್‌ಲ್ಯಾಂಡಿಗೆ ಬರುವವರು ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಆರಿಸಿಕೊಂಡರೆ ವಾರದ ಸಂತೆಗಳಲ್ಲಿ ಬನ್ಯಾ ಸಿಗುತ್ತದೆ. ಬೀಜ ಹೊಸದೋ ಹಳೆಯದೋ ಎಂದು ಮಾರುವವರನ್ನೇ ಕೇಳಬೇಕು, ಹಳೆಯದಾದರೆ ಎಷ್ಟು ಹೊತ್ತು ಹೆಚ್ಚು ಬೇಯಿಸಬೇಕೆಂಬುದನ್ನೂ ಅವರೇ ಹೇಳುತ್ತಾರೆ.

ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಓದುಗ, ಬ್ರಿಸ್ಬೇನ್